ತಟ್ಟೆ ಮಲಗಿಸುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ಕೇಳಿ ಹೊರಟು, ಮದ್ದೂರಿನ ಹತ್ತಿರದ ಕೊಪ್ಪದಲ್ಲಿ ಬಸ್ಸಿಳಿದೆ. ಅವರ ಊರಿಗೆ ಅಲ್ಲಿಂದ ಆಟೋದಲ್ಲಿ ಕಾಲು ಗಂಟೆಯ ದಾರಿ. ಎಲ್ಲಿಗೆ ಅಂತ ಆಟೋದವನು ಎರಡು ಸಲ ಕೇಳಿದ. ನನಗೆ ಬಾಯಿ ಬರಲಿಲ್ಲ. ಎದುರಿಗೆ ಮದ್ದೂರಿನ ಬಸ್ಸು ಹೊರಡುತ್ತಿತ್ತು, ಹತ್ತಿ ವಾಪಸ್ ಬಂದುಬಿಟ್ಟೆ. ಕೈಯಲ್ಲಿ ಹೆಣಕ್ಕೆ ಹಾಕಲೆಂದು ತಂದ ಹಾರವಿತ್ತು. ಏನು ಮಾಡುವುದೆಂದು ತಿಳಿಯದೆ ಅದನ್ನು ಡ್ರೈವರಿಗೆ ಕೊಟ್ಟೆ. ಅವನು ಖುಷಿಯಿಂದ ಮುಂದಿದ್ದ ದೇವರ ಪಟಕ್ಕೆ ಹಾಕಿಕೊಂಡ. ಯಾರಿಗೆ ತಂದದ್ದು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳದೆ ಇರುವುದರಲ್ಲಿ ನಾನು ಪಳಗಿದವನು.

ಸತ್ತವರ ಭಯ ನನಗೆ ಇರಲಿಲ್ಲ. ನನಗಿದ್ದದ್ದು ಅವರ ಹೆಂಡತಿಯ ಭಯ. ಆ ಭಯ ಯಾಕೆ ಅಂತ ಹೇಳಬೇಕಾದರೆ ಅವರು ಎಂಥ ಮನುಷ್ಯ ಅಂತ ಮೊದಲು ಹೇಳಬೇಕು. ಅವರ ಎರಡು ಬೆರಳು ಹೋದದ್ದು ನನ್ನಿಂದ. ಅದಕ್ಕಿಂತ ದೊಡ್ಡದೊಂದು ಹೋದದ್ದೂ ನನ್ನಿಂದಲೇ.

ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಅಲ್ಲದೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಟಾಕೀಸಿನವರು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ತಟ್ಟೆಯಣ್ಣ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಪ್ಲ್ಯಾಟರ್ ಅನ್ನುವ ಯಂತ್ರ ಬಂದಿತ್ತಲ್ಲ, ನಮ್ಮ ಬಾಯಲ್ಲಿ ಅದು ತಟ್ಟೆ. ಅದು ಕೆಟ್ಟರೆ ಟಾಕೀಸಿಂದ ಟಾಕೀಸಿಗೆ ಹೋಗಿ ರಿಪೇರಿ ಮಾಡುತ್ತಿದ್ದವರು ಅವರು. ಒಂದು ಕಂಬಕ್ಕೆ ಮೂರು ತಟ್ಟೆ, ಒಂದರ ಮೇಲೊಂದು, ಒಂದೊಂದೂ ಗಾಡಿಯ ಚಕ್ರದಷ್ಟು ಅಗಲ. ರೀಲುಗಳನ್ನೆಲ್ಲ ಅಂಟಿಸಿ ಇಡೀ ಸಿನಿಮಾವನ್ನು ಒಂದೇ ಸುರುಳಿ ಮಾಡಿ ಒಂದು ತಟ್ಟೆಯ ಮೇಲೆ ಮಲಗಿಸಿದರೆ, ಫಿಲಂ ಅದರ ನಡುಮಧ್ಯದಿಂದ ಹೊರಟು ಪ್ರೊಜೆಕ್ಟರಿನೊಳಗೆ ಹಾದು ಇನ್ನೊಂದು ತಟ್ಟೆಗೆ ಬಂದು ಸುತ್ತಿಕೊಳ್ಳುತ್ತದೆ. ಆಪರೇಟರಿಗೆ ಸ್ವಿಚ್ಚು ಹಾಕುವುದೊಂದೇ ಕೆಲಸ ಅಂತ ಮಾಲೀಕರು ಹೇಳಿದರು. ಬೆಂಗಳೂರಿನಲ್ಲಿ ಮುಚ್ಚಿದ ಯಾವುದೋ ಟಾಕೀಸಿನಿಂದ ಹಳೆಯದೊಂದನ್ನು ಮಳವಳ್ಳಿಯ ಟಾಕೀಸಿಗೆ ಲಾರಿಯಲ್ಲಿ ತಂದು, ಅಲ್ಲಿ ಆಪರೇಟರಾಗಿದ್ದ ನನ್ನ ತಲೆಗೆ ಕಟ್ಟಿದರು.

ನಾನು ಬೆಳಕವಾಡಿಯವನು, ಹುಟ್ಟಾ ಪುಕ್ಕಲ. ರೀಲು ಹಾಕುವ ಕಾಲದಲ್ಲಿ ಏನು ಎಡವಟ್ಟಾದರೂ ಒಂದು ರೀಲಿನಷ್ಟು ಹಾಳಾಗುತ್ತಿತ್ತು. ಈ ತಟ್ಟೆಯ ಮೇಲೆ ಮೈಲಿಗಟ್ಟಲೆ ಫಿಲಂ ಕಟ್ಟಿಲ್ಲದೆ ಸುಮ್ಮನೆ ಬಿದ್ದಿರುತ್ತಿತ್ತು. ತಟ್ಟೆಗೆ ಹುಚ್ಚು ಹಿಡಿದು ಜೋರಾಗಿ ತಿರುಗಿತು ಅನ್ನಿ, ಶಾವಿಗೆ ಒತ್ತಿದ ಹಾಗೆ ಫಿಲಂ ರೂಮಿನ ತುಂಬ ಹಾರುತ್ತಿತ್ತು. ಕೆಳಗೆ ಹಾಲಿನಲ್ಲಿ ಮೊದಲ ದಿನದ ಜನ. ನಮ್ಮ ಕಡೆಯ ಅಭಿಮಾನಿಗಳ ವಿಚಾರ ಹೇಳಬೇಕೆ. ಐದು ನಿಮಿಷ ಪರದೆ ಬೆಳ್ಳಗಿದ್ದರೆ ಕುರ್ಚಿಯ ಕಾಲು ಮುರಿಯುವ ಸದ್ದು ಮೇಲಕ್ಕೆ ಕೇಳಿಸುತ್ತಿತ್ತು. ನಾನು ಷೋ ಶುರುಮಾಡಿ ಬಾಗಿಲ ಚಿಲಕ ಹಾಕಿಕೊಂಡು ತಟ್ಟೆಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಮೂರು ಗಂಟೆ ಉಚ್ಚೆಗೂ ಹೋಗುತ್ತಿರಲಿಲ್ಲ.

ಅವರು ಮೊದಲ ಸಲ ಬಂದದ್ದು ಅಂಥದೇ ಒಂದು ಬೆಳಗಿನ ಆಟದ ನಡುವೆ. ತಟ್ಟೆಯ ಮಧ್ಯದ ತಿರುಳಿಗೆ ಫಿಲಂ ಸುತ್ತಿಕೊಂಡು ಗಂಟಾಗಿ ನಿಂತುಬಿಟ್ಟಿತ್ತು. ಅವರು ಮದ್ದೂರಿನ ಟಾಕೀಸಿನಲ್ಲಿ ಕೆಲಸ ಮುಗಿಸಿ ಮಳವಳ್ಳಿಗೂ ತಟ್ಟೆ ಬಂದಿದೆ ಅಂತ ಕೇಳಿ ಬಸ್ಸು ಹತ್ತಿ ಬಂದಿದ್ದರಂತೆ, ಅದೇ ನನ್ನ ಪುಣ್ಯ. ಕುಳ್ಳಗಿನ ಮನುಷ್ಯ, ಪಂಚೆ, ಹೆಗಲ ಮೇಲೆ ಚೌಕದ ಟವಲ್ಲು. ಕೈಚೀಲದಲ್ಲಿ ಒಂದು ಮೆತ್ತನೆಯ ಬಣ್ಣದ ಬ್ರಷ್ಷು, ಹಳೇ ಬನಿಯನ್ನಿನ ಚೂರು, ಸ್ಕ್ರೂಡ್ರೈವರು, ಕತ್ತರಿ. ಎಣ್ಣೆ ಡಬ್ಬಿ ಇರಲಿಲ್ಲ. ಕಂಡಕಂಡಲ್ಲಿ ಎಣ್ಣೆ ಬಿಡುವ ಆಪರೇಟರುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೆಲ್ಟಿಗೆ ಎಣ್ಣೆ ಕುಡಿಸಿದವರು ಮಕ್ಕಳಿಗೆ ಹೆಂಡ ಕುಡಿಸಿದವರಿಗೆ ಸಮ ಅನ್ನುತ್ತಿದ್ದರು.

ಯಂತ್ರದ ಹತ್ತಿರ ಹೋಗಲಿಲ್ಲ. ಮೊದಲು ಕೆಳಗಿಳಿದು ಹಾಲಿನ ಬಾಗಿಲಲ್ಲಿ ನಿಂತು, ತಟ್ಟೆ ತೊಳೀತಾವ್ರೆ, ಹತ್ತು ನಿಮಿಷಕ್ಕೆ ಬಡಿಸ್ತಾರೆ, ಕುತ್ಕಳಿ ಅಂತ ಹೇಳಿ ಬಂದರು. ಜನ ನಕ್ಕರು. ನಕ್ಕ ಜನ ಕುರ್ಚಿ ಮುರಿಯುವುದಿಲ್ಲ ಅಂತ ಅವರ ಲೆಕ್ಕ. ಮೇಲೆ ಬಂದು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

“ಏನ್ಲಾ ಮಾಡ್ದೆ?”

ಏನಾಯಿತು ಅಂತ ಅವರು ಯಾರನ್ನೂ ಕೇಳಿದವರಲ್ಲ. ಏನು ಮಾಡಿದೆ ಅಂತಲೇ ಕೇಳುವುದು. ತಟ್ಟೆ ತಾನಾಗಿ ಕೆಡುವುದು ಅಪರೂಪ, ಆಪರೇಟರು ಏನೋ ಮಾಡಿರುತ್ತಾನೆ, ಅದನ್ನು ಹೇಳಿದರೆ ಅರ್ಧ ಕೆಲಸ ಆಯಿತು ಅನ್ನುವುದು ಅವರ ನಂಬಿಕೆ. ಮಂಡ್ಯದ ಒಬ್ಬ ಆಪರೇಟರು ಮೇಲಿನ ತಟ್ಟೆಯ ಮೇಲೆ ಟೀ ಲೋಟ ಇಟ್ಟು ಮರೆತಿದ್ದನಂತೆ. ಅದನ್ನು ಒಪ್ಪಿಕೊಳ್ಳುವವರೆಗೆ ಇವರು ಸ್ಟೂಲಿನ ಮೇಲೆ ಕಾಲು ಮಡಚಿ ಕೂತೇ ಇದ್ದರಂತೆ. ನಾನು ಆವತ್ತು ಒಪ್ಪಿಕೊಂಡೆ. ಫಿಲಂ ಒಣಗಿ ಒಂದಕ್ಕೊಂದು ಅಂಟುತ್ತಿದೆ ಅಂತ ಫ್ಯಾನು ಹಾಕಿದ್ದೆ. ಅವರು ತಲೆ ಚಚ್ಚಿಕೊಂಡರು. ಗಾಳಿಯಿಂದ ಇನ್ನೂ ಒಣಗುತ್ತದೆ ಕಣಯ್ಯ ಅಂತ ಹೇಳಿ ಫ್ಯಾನು ಆರಿಸಿ, ನೆಲಕ್ಕೆ ನೀರು ಚಿಮುಕಿಸಿ, ಗಂಟನ್ನು ಕತ್ತರಿಸಿ ಅಂಟಿಸಿ ಕೊಟ್ಟರು. ಅಷ್ಟೇ. ಆಮೇಲೆ ಬೇಸಗೆಯಲ್ಲಿ ಕಂಬದ ಹಿಂದೆ ಒದ್ದೆ ಗೋಣಿ ನೇತುಹಾಕುವುದನ್ನೂ ಅವರೇ ಕಲಿಸಿದರು.

ನೋಡುವುದಕ್ಕೆ ಜೋರಾದ ಮನುಷ್ಯ, ಒಳಗೆ ನನ್ನಷ್ಟೇ ಪುಕ್ಕಲ. ಅದು ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ತಟ್ಟೆಯ ಪಕ್ಕದಲ್ಲಿ ಆರ್ಮು ಅಂತ ಒಂದು ಕಬ್ಬಿಣದ ಕಡ್ಡಿ ಇರುತ್ತಿತ್ತು. ಫಿಲಂ ಬಿಗಿಯಾದರೆ ಅದು ಮೇಲೆದ್ದು ತಟ್ಟೆ ಓಡುತ್ತದೆ, ಸಡಿಲವಾದರೆ ಇಳಿದು ತಟ್ಟೆ ನಿಧಾನವಾಗುತ್ತದೆ. ಪೂರ್ತಿ ಕೆಳಗಿಳಿದರೆ ಅಡಿಯಲ್ಲಿರುವ ಪುಟ್ಟ ಸ್ವಿಚ್ಚು ಕರೆಂಟು ಕಡಿದು ತಟ್ಟೆ ಸತ್ತೇ ಹೋಗುತ್ತದೆ. ಇವರು ತಟ್ಟೆಯ ಅಡಿಗೆ ಕೈ ಹಾಕುವ ಮೊದಲು ಆರ್ಮನ್ನು ಕೆಳಗೆ ಒತ್ತಿ ಅದರ ಮೇಲೆ ತಮ್ಮ ಟವಲ್ಲು ಹೊದಿಸಿ, ಮಗುವಿಗೆ ಹೇಳಿದ ಹಾಗೆ ಮೆಲ್ಲಗೆ “ಮಲ್ಗು” ಅನ್ನುತ್ತಿದ್ದರು. ಆಮೇಲೆ ತಟ್ಟೆಯ ಅಂಚಿಗೆ ಅಂಗೈ ಒತ್ತಿ ಹಿಡಿದು ನೋಡುತ್ತಿದ್ದರು. ಒಂದು ಸಲವಲ್ಲ, ಎರಡು ಸಲ.

ಒಮ್ಮೆ ನಾನು ಕುಚೋದ್ಯ ಮಾಡಿದೆ, ಇಷ್ಟೊಂದು ಹೆದರಿಕೆಯಾ ಅಣ್ಣ ಅಂತ. ಅವರಿಗೆ ಸಿಟ್ಟು ಬರಲಿಲ್ಲ. ಗದ್ದೆಯಲ್ಲಿ ಅಪ್ಪನ ಕೈ ಕಬ್ಬಿನ ಗಾಣಕ್ಕೆ ಸಿಕ್ಕಿದ್ದನ್ನು ತಾವು ಕಣ್ಣಾರೆ ನೋಡಿದ್ದಾಗಿ ಹೇಳಿದರು. ಆಮೇಲೆ ಒಂದು ಮಾತು ಹೇಳಿದರು.

“ಎದ್ರುಕೆ ಇರ್ಬೇಕು ಕಣ್ಲಾ. ಮಿಷಿನ್ನ ನಾನು ನಂಬಕಿಲ್ಲ. ಇದುವರ್ಗೂ ನಂಬಿರೋದು ನನ್ ತಲೆನ ಮಾತ್ರ.”

ಆ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ಅವರ ಒಂದು ಗುಣ ಕೆಟ್ಟದ್ದು, ಅದನ್ನೂ ಹೇಳಬೇಕು. ಬಾಯಿಗೆ ಬೀಗವಿಲ್ಲ. ಮದ್ದೂರಿನ ಆಪರೇಟರೊಬ್ಬ ಆ ಪುಟ್ಟ ಸ್ವಿಚ್ಚಿಗೆ ಬೆಂಕಿಕಡ್ಡಿ ಸಿಗಿಸಿ ತಟ್ಟೆ ಓಡಿಸುತ್ತಿದ್ದ. ಇವರು ಅದನ್ನು ಕಂಡುಹಿಡಿದು ನೇರ ಮಾಲೀಕನ ಮುಂದೆ ಹೋಗಿ, ಇಂಥವನ ಕೈಗೆ ಯಂತ್ರ ಕೊಡಬೇಡಿ, ನಾಳೆ ಯಾರದಾದರೂ ಕೈ ಹೋಗುತ್ತದೆ ಅಂದುಬಿಟ್ಟರು. ಅವನ ಕೆಲಸ ಹೋಯಿತು. ಹೆಂಡತಿ ಮಕ್ಕಳಿದ್ದವನು. ನನಗೂ ಇದ್ದರು.

ಈಗ ನನ್ನ ವಿಚಾರಕ್ಕೆ ಬರುತ್ತೇನೆ.

ನನ್ನ ನಡುವಿನ ತಟ್ಟೆಯ ಆರ್ಮಿನ ಸ್ಪ್ರಿಂಗು ಸೋತಿತ್ತು. ಫಿಲಂ ಸರಿಯಾಗಿದ್ದರೂ ಆರ್ಮು ತಾನಾಗಿ ಜಾರಿ ಕೆಳಗೆ ಬೀಳುತ್ತಿತ್ತು, ಸ್ವಿಚ್ಚು ಕಡಿಯುತ್ತಿತ್ತು, ಆಟದ ನಡುವೆ ತಟ್ಟೆ ನಿಲ್ಲುತ್ತಿತ್ತು. ದೊಡ್ಡ ಸಿನಿಮಾ ಓಡುತ್ತಿದ್ದ ಹೊತ್ತು. ಎರಡು ದಿನ ಜನ ಕೂಗಾಡಿದರು, ಮೂರನೆಯ ದಿನ ಒಬ್ಬ ರೂಮಿನ ಬಾಗಿಲಿಗೇ ಒದ್ದ. ದಿನಾ ಬೆಳಿಗ್ಗೆ ಪ್ರೊಜೆಕ್ಟರಿಗೆ ಕುಂಕುಮ ಇಟ್ಟು ಊದುಬತ್ತಿ ಹಚ್ಚುವುದು ನಮ್ಮ ಪದ್ಧತಿ. ಆ ಊದುಬತ್ತಿ ಪೊಟ್ಟಣದ ರಟ್ಟನ್ನೇ ಚೂರು ಹರಿದು, ಮಡಿಸಿ, ಸ್ವಿಚ್ಚಿನ ಸಂದಿಗೆ ತುರುಕಿದೆ. ಆರ್ಮು ಎಷ್ಟೇ ಕೆಳಗೆ ಬಿದ್ದರೂ ಸ್ವಿಚ್ಚು ಕಡಿಯದ ಹಾಗಾಯಿತು. ತಟ್ಟೆ ನಿಲ್ಲಲಿಲ್ಲ, ಜನ ಕೂಗಲಿಲ್ಲ. ದೇವರ ರಟ್ಟು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹದಿನೈದು ದಿನ ಓಡಿತು. ಆಮೇಲೆ ಅದೇ ತಟ್ಟೆ ಬೇರೆ ಕಾರಣಕ್ಕೆ ನಿಂತಿತು. ಫಿಲಂ ಇದೆ ಅಂತ ನೋಡಿ ತಟ್ಟೆಗೆ ಓಡು ಅಂತ ಹೇಳುವ ಪುಟ್ಟ ಬೆಳಕಿನ ಕಣ್ಣು ಅದರ ಅಡಿಯಲ್ಲಿತ್ತು, ಅದಕ್ಕೆ ಧೂಳು ಕೂತಿತ್ತು. ಅವರನ್ನು ಕರೆಸಿದೆವು. ಹತ್ತು ಗಂಟೆಯ ಬಸ್ಸಿಗೆ ಬಂದರು, ಸ್ಟೂಲಿನ ಮೇಲೆ ಕೂತರು, ನನ್ನ ಮುಖ ನೋಡಿದರು, ಎಂದಿನಂತೆ ಕೇಳಿದರು. ಏನೂ ಇಲ್ಲಣ್ಣ ಅಂದೆ. ದಿಟ್ವಾ ಅಂದರು. ನಿಮ್ಮಾಣೆ ಏನೂ ಇಲ್ಲ ಅಂದೆ. ಮದ್ದೂರಿನವನ ಮುಖ ನನ್ನ ಕಣ್ಣ ಮುಂದೆ ಇತ್ತು. ಅವರು ಆಣೆಯನ್ನು ನಂಬಿದರು.

ಆರ್ಮನ್ನು ಕೆಳಗೆ ಒತ್ತಿದರು. ಟವಲ್ಲು ಹೊದಿಸಿದರು. ಮಲ್ಗು ಅಂದರು. ಅಂಚನ್ನು ಹಿಡಿದು ನೋಡಿದರು, ಅಲ್ಲಾಡಲಿಲ್ಲ. ಆ ಬೆಳಕಿನ ಕಣ್ಣಿಗೆ ಧೂಳು ಮುಚ್ಚಿದ್ದರಿಂದ ತಟ್ಟೆ ಸುಮ್ಮನಿತ್ತು. ಸ್ವಿಚ್ಚು ಕಡಿದದ್ದರಿಂದ ಸುಮ್ಮನಿದೆ ಅಂತ ಅವರು ತಿಳಿದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಹೇಳು ಹೇಳು ಅನ್ನುತ್ತಿತ್ತು ಮನಸ್ಸು, ನಾನು ಹೇಳಲಿಲ್ಲ. ಒಂದು ಕೈಯ ಬೆರಳುಗಳನ್ನು ತಟ್ಟೆಯ ಅಡಿಯ ರಬ್ಬರು ಗಾಲಿಯ ಹತ್ತಿರ ಊರಿಕೊಂಡು, ಇನ್ನೊಂದು ಕೈಯಲ್ಲಿ ಬ್ರಷ್ಷು ಹಿಡಿದು ಆ ಕಣ್ಣನ್ನು ಒರೆಸಿದರು. ಒರೆಸಿದ ಕ್ಷಣವೇ ಅದಕ್ಕೆ ದೃಷ್ಟಿ ಬಂತು. ತಟ್ಟೆ ಒಮ್ಮೆಗೇ ಜಿಗಿಯಿತು.

ಅವರು ಕೂಗಲಿಲ್ಲ. ಉಸಿರು ಎಳೆದುಕೊಂಡ ಸದ್ದು ಮಾತ್ರ ಬಂತು. ನಾನು ಮೇನ್ ಸ್ವಿಚ್ಚು ಎಳೆದೆ. ಮ್ಯಾನೇಜರು, ಗೇಟಿನವರು ಓಡಿಬಂದು ಅವರನ್ನು ಎತ್ತಿಕೊಂಡು ಹೋದರು. ರೂಮಿನಲ್ಲಿ ನಾನೊಬ್ಬನೇ ಉಳಿದೆ. ಟವಲ್ಲು ನೆಲಕ್ಕೆ ಬಿದ್ದಿತ್ತು. ಆಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೆ? ರಟ್ಟಿನ ಚೂರನ್ನು ಕಿತ್ತು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದೆ. ಕಿಟಕಿಯಿಂದ ಎಸೆಯಬಹುದಿತ್ತು, ಜೇಬಿಗೆ ಹಾಕಬಹುದಿತ್ತು. ಹೆದರಿದವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು. ಮಲ್ಲಿಗೆ ಊದುಬತ್ತಿಯ ವಾಸನೆ ಎರಡು ದಿನ ಗಂಟಲಲ್ಲಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಎರಡು ಬೆರಳುಗಳನ್ನು ಅರ್ಧಕ್ಕೆ ತೆಗೆದರು. ಇಪ್ಪತ್ತು ದಿನ ಕಳೆದು ಅವರು ಮಳವಳ್ಳಿಗೆ ಬಂದರು, ಕೈಗೆ ಇನ್ನೂ ಪಟ್ಟಿ. ಮಾಲೀಕರನ್ನು ನೋಡಲಿಲ್ಲ, ನೇರ ಮೆಟ್ಟಿಲು ಹತ್ತಿ ಬಂದರು. ಮುಗಿಯಿತು ನನ್ನ ಕಥೆ ಅಂತ ಗೋಡೆಯ ಕಡೆ ಸರಿದೆ. ಅವರು ನನ್ನ ಕಡೆ ನೋಡದೆ ಒಳ್ಳೆಯ ಕೈಯಿಂದ ಆರ್ಮನ್ನು ಕೆಳಗಿಳಿಸಿದರು. ಸ್ವಿಚ್ಚು ಟಕ್ ಅಂದಿತು, ತಟ್ಟೆ ನಿಂತಿತು. ಮೇಲೆತ್ತಿದರು, ಓಡಿತು. ಇಳಿಸಿದರು, ನಿಂತಿತು. ಹತ್ತು ಹನ್ನೆರಡು ಸಲ ಹಾಗೆ ಮಾಡಿರಬೇಕು. ಪ್ರತಿ ಸಲವೂ ಸ್ವಿಚ್ಚು ಸರಿಯಾಗಿ ಕಡಿಯಿತು. ಅವರು ಸ್ಟೂಲಿನ ಮೇಲೆ ಕುಸಿದರು. ಅವರ ಮುಖ ಬಣ್ಣ ಕಳೆದುಕೊಂಡದ್ದನ್ನು ನಾನು ಅವತ್ತೇ ನೋಡಿದ್ದು.

“ಮಗ, ನೀನ್ ಇಲ್ಲೇ ಇದ್ದಲ್ಲ. ನಾನ್ ಆವತ್ತು ಆರ್ಮ್ ಇಳ್ಸಿದ್ನಾ, ಇಳ್ಸಲಿಲ್ವಾ?”

ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೌದಣ್ಣ ಇಳಿಸಿದಿರಿ, ಟವಲ್ಲೂ ಹೊದಿಸಿದಿರಿ ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಹಾಗಾದರೆ ತಟ್ಟೆ ಯಾಕೆ ತಿರುಗಿತು ಅನ್ನುವ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು.

“ನೋಡ್ಲಿಲ್ಲ ಕಣಣ್ಣ. ಆ ಕಡೆ ತಿರ್ಗಿದ್ದೆ.”

ಅವರು ತಲೆಯಾಡಿಸಿದರು. ಹಂಗಾರೆ ಮರ್ತಿವ್ನಿ ಅಂದರು. ಮೂವತ್ತು ವರ್ಷ ಯಂತ್ರ ಮುಟ್ಟಿ ಒಂದು ದಿನವೂ ಮರೆಯದವನು ಮರೆತಿದ್ದೇನೆ ಅಂದರೆ ತಲೆ ಹೋಯಿತು ಅಂತಲೇ ಅರ್ಥ, ಇನ್ನು ನನ್ನನ್ನು ಕರೆಯಬೇಡಿ ಅಂತ ಹೇಳಿ ಮೆಟ್ಟಿಲು ಇಳಿದರು. ಗೋಡೆ ಹಿಡಿದುಕೊಂಡು ಇಳಿದರು. ಮಂಡ್ಯಕ್ಕೂ ಮದ್ದೂರಿಗೂ ತಾವೇ ಹೋಗಿ ಅದೇ ಮಾತು ಹೇಳಿ ಬಂದರಂತೆ. ಆಮೇಲೆ ಯಾವ ಟಾಕೀಸಿನ ಮೆಟ್ಟಿಲನ್ನೂ ಅವರು ಹತ್ತಲಿಲ್ಲ.

ಮೂರ್ನಾಲ್ಕು ವರ್ಷದಲ್ಲಿ ತಟ್ಟೆಗಳ ಕಾಲವೇ ಮುಗಿಯಿತು. ಡಿಜಿಟಲ್ ಪೆಟ್ಟಿಗೆ ಬಂತು, ಮೂರು ತಟ್ಟೆ ಗುಜರಿಗೆ ಹೋದವು. ಸಾಕ್ಷಿ ಹೋಯಿತು, ಇನ್ನು ಭಯವಿಲ್ಲ ಅಂತ ಅಂದುಕೊಂಡೆ. ಭಯ ಅದರ ಜೊತೆ ಗುಜರಿಗೆ ಹೋಗಲಿಲ್ಲ.

ಎಂಟು ವರ್ಷದ ಮೇಲೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಬಸ್ಸಿನ ಬೋರ್ಡು ಓದಿ, ಓದಿದ್ದನ್ನು ನಂಬದೆ ಕಂಡಕ್ಟರನ್ನು ಕೇಳಿ, ಅವನು ಹೇಳಿದ್ದನ್ನೂ ನಂಬದೆ ಮತ್ತೊಬ್ಬರನ್ನು ಕೇಳುತ್ತಿದ್ದರು. ಹೆಂಡತಿ ಅವರ ಮಣಿಕಟ್ಟು ಹಿಡಿದುಕೊಂಡಿದ್ದರು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವರು ನೋಡಿಬಿಟ್ಟರು. ಆಕೆ ನನಗೆ ದನಿ ತಗ್ಗಿಸಿ ಹೇಳಿದರು, ಯಜಮಾನರಿಗೆ ಮರೆವು ಕಣಪ್ಪ, ಯಂತ್ರಕ್ಕೆ ಕೈ ಕೊಟ್ಟಾಗಿನಿಂದ ಸ್ಟೌವು, ಸ್ವಿಚ್ಚು, ಪಂಪು ಏನೂ ಮುಟ್ಟುವುದಕ್ಕೆ ಬಿಡುವುದಿಲ್ಲ ನಾವು ಅಂತ. ಅವರು ಅದನ್ನು ಕೇಳಿಸಿಕೊಂಡು ಮಗುವಿನ ಹಾಗೆ ನಿಂತಿದ್ದರು. ಬಸ್ಸು ಹತ್ತುವ ಮೊದಲು ತಿರುಗಿ ನನ್ನನ್ನು ಕೇಳಿದರು.

“ನಿನ್ ನಡುವ್ಲು ತಟ್ಟೆ ಸ್ಪ್ರಿಂಗು ಸೋತಿತ್ತಲ್ಲಾ, ಬದಲಾಯ್ಸಿದಾ?”

ಎಂಟು ವರ್ಷದ ಹಿಂದಿನ, ಅವರು ಕೈಯಿಂದ ಒತ್ತಿಯಷ್ಟೇ ನೋಡಿದ್ದ ಸ್ಪ್ರಿಂಗು. ಮರೆವಂತೆ ಅವರಿಗೆ. ಆ ಮನುಷ್ಯನ ತಲೆ ಗಟ್ಟಿಯಾಗಿಯೇ ಇತ್ತು, ಇಲ್ಲ ಅಂತ ನಂಬಿಸಿದವನು ನಾನು. ಆ ವಾರವೆಲ್ಲ ಅನ್ನ ಸೇರಲಿಲ್ಲ. ಹೇಳಿದರೆ ಹೊಡೆಯುತ್ತಾರೋ, ಮಕ್ಕಳನ್ನು ಕರೆಯುತ್ತಾರೋ, ಪೊಲೀಸಿಗೆ ಹೇಳುತ್ತಾರೋ ಅಂತ ಹೆದರಿಕೆ. ಹೇಳದೆ ಅವರು ಸತ್ತರೆ ಅನ್ನುವ ಹೆದರಿಕೆ ಮೊದಲ ಸಲ ಅದಕ್ಕಿಂತ ಹೆಚ್ಚಾಯಿತು. ಹೋದೆ.

ಬೆಳಿಗ್ಗೆ ಏಳು ಗಂಟೆ ಇರಬಹುದು. ಅವರು ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಆಕೆ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದುಕೊಂಡು ಅಂಗಳಕ್ಕೆ ಬರುತ್ತಿದ್ದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ರಟ್ಟು ತುರುಕಿದ್ದು, ಸುಳ್ಳು ಆಣೆ ಮಾಡಿದ್ದು, ನುಂಗಿದ್ದು, ನೋಡಿದ್ದರೂ ನೋಡಲಿಲ್ಲ ಅಂದದ್ದು. ಅವರು ಮೊಟಕು ಬೆರಳುಗಳ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೇಳಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಆಮೇಲೆ ಅಂಗಳದ ಕಡೆ ತಿರುಗಿದರು.

“ಬಾರಮ್ಮಿ ಇಲ್ಲಿ. ಇವ್ನು ಏನೋ ಯೋಳ್ತಾನೆ, ನೀನೂ ಕೇಳು.”

ಮೂರನೆಯ ಸಲ ಆಕೆಯ ಮುಂದೆ ಹೇಳಿದೆ. ಅದರಷ್ಟು ಕಷ್ಟ ನನಗೆ ಯಾವುದೂ ಆಗಿಲ್ಲ. ಮುಗಿಯುವಷ್ಟರಲ್ಲಿ ಆಕೆ ಕ್ಯಾನನ್ನು ನೆಲಕ್ಕಿಟ್ಟು ಕಂಬಕ್ಕೆ ಒರಗಿದ್ದರು. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ, ಆಕೆಯನ್ನೇ ನೋಡುತ್ತಿದ್ದರು.

“ಇಳ್ಸಿದ್ದೆ ಕಣಮ್ಮಿ. ನಾನು ಆರ್ಮ್ ಇಳ್ಸಿದ್ದೆ.”

ಆಕೆ ಸೊಂಟಕ್ಕೆ ಸಿಗಿಸಿಕೊಂಡಿದ್ದ ಬೀಗದ ಕೈ ಗೊಂಚಲಿನಿಂದ ಒಂದನ್ನು ಬಿಡಿಸಿ ಅವರ ಮುಂದೆ ಹಿಡಿದರು. ಪಂಪ್‌ಹೌಸಿನದು. ಅವರು ಅದನ್ನು ತೆಗೆದುಕೊಂಡು ಎದ್ದರು, ಚಪ್ಪಲಿ ಹಾಕಿಕೊಳ್ಳದೆ ಗದ್ದೆಯ ಬದುವಿನ ಮೇಲೆ ನಡೆದುಹೋದರು. ಶೀಟು ಹೊದಿಸಿದ ಆ ಗೂಡಿನ ಬಾಗಿಲು ತೆಗೆದು ಒಳಗೆ ಹೋದದ್ದು ಕಾಣಿಸಿತು. ಆಮೇಲೆ ಏನೂ ಇಲ್ಲ. ಕರೆಂಟು, ಒದ್ದೆ ನೆಲ, ಎಂಟು ವರ್ಷ ಮುಟ್ಟದ ಸ್ಟಾರ್ಟರು, ಮೊಟಕು ಬೆರಳಿನ ಕೈ. ಓಡಿಹೋಗಿ ಹಿಡಿದುಕೊಳ್ಳಲೇ ಅನ್ನಿಸಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು, ಹೋಗಲಿಲ್ಲ. ನಾನೂ ಹೋಗಲಿಲ್ಲ. ಎಷ್ಟು ಹೊತ್ತು ನಿಂತಿದ್ದೆವೋ.

ಮೋಟಾರಿನ ಸದ್ದು ಬಂತು. ಪೈಪು ಎರಡು ಸಲ ಕೆಮ್ಮಿ ನೀರು ಕಾರಿತು.

ಅವರು ಹೊರಗೆ ಬರಲಿಲ್ಲ, ಒಳಗೇ ಇದ್ದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಎಂಟು ವರ್ಸ ಒಂದ್ ಒಲೆ ಅಚ್ಚಾಕೂ ಬುಡ್ಲಿಲ್ಲ ಕಣಪ್ಪ ನಾನು ಅವ್ರನ್ನ. ಜನದ್ ಮುಂದೆ ಕೈ ಇಡ್ಕಂಡು ತಿರುಗ್ಸ್ದೆ. ನಿನ್ನ ಕುತ್ಕೊ ಅನ್ನಾಕೆ ನಂಗೆ ಬಾಯಿ ಬರಕಿಲ್ಲ. ಅವ್ರು ಈಚೆಗೆ ಬರೋಗಂಟ ಇರ್ಬ್ಯಾಡ, ಓಗು.”